ಮರೆವಿಗೆ ಮಾತ್ರೆಯೂ ಕಾರಣ ಇರಬಹುದು

ಉಡುಪಿಯಿಂದ ಆಗುಂಬೆ ಘಾಟಿ ಹತ್ತುವವರು ವಾಂತಿ ಆಗದಿರಲಿ ಅಂತ ಅವೋಮಿನ್ ನುಂಗುವುದುಂಟು. ಸೋಮೇಶ್ವರ ದಾಟಿ ತಿರುವುಗಳು ಶುರುವಾಗುವಷ್ಟರಲ್ಲಿ ಬಾಯಿ ಒಣಗುತ್ತದೆ, ಕಣ್ಣು ಎಳೆಯುತ್ತದೆ. ಅದರಲ್ಲಿರುವ ಪ್ರೊಮೆಥಜಿನ್, ಮಿದುಳಿನ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೂ ಅಡ್ಡ ಬರುತ್ತದೆ. ಗಮನಕ್ಕೂ ನೆನಪಿಗೂ ಅದು ಬೇಕೇ ಬೇಕು. ಯಾವಾಗಲೋ ಒಂದು ಮಾತ್ರೆಗೆ ಹೆದರಬೇಕಿಲ್ಲ. ನನ್ನ ಚಿಂತೆ ದಿನಾ ನುಂಗುವ ಹಿರಿಯರದ್ದು.

ಮಳೆಗಾಲದ ಶೀತಕ್ಕೆ ಕ್ಲೋರ್‌ಫೆನಿರಮೈನ್, ನರದ ನೋವಿಗೆ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಆಕ್ಸಿಬ್ಯುಟಿನಿನ್. ಎಲ್ಲವೂ ಅಸಿಟೈಲ್‌ಕೋಲಿನ್‌ಗೆ ಅಡ್ಡ ಬರುವ ಇದೇ ಗುಂಪಿನವು. ಒಂದೊಂದನ್ನು ಒಬ್ಬೊಬ್ಬ ಡಾಕ್ಟರು ಬರೆದಿರುತ್ತಾರೆ, ಪರಿಣಾಮ ಮಾತ್ರ ಒಟ್ಟು ಸೇರುತ್ತದೆ. ಅಜ್ಜಿಗೆ ಗಲಿಬಿಲಿಯಾದರೆ ನಾವು ‘ಅರವತ್ತಕ್ಕೆ ಅರಳು ಮರಳು’ ಅಂದು ಸುಮ್ಮನಾಗುತ್ತೇವೆ, ಅಲ್ವಾ? ಮಾತ್ರೆಯಿಂದ ಬಂದ ಮಂಕು, ಮಾತ್ರೆ ಬದಲಿಸಿದರೆ ಎಷ್ಟೋ ಸಲ ಇಳಿಯುತ್ತದೆ.

ನೆನಪು, ಯೋಚನೆ ಕುಂದುತ್ತಾ ಹೋಗುವ ಡಿಮೆನ್ಶಿಯಾದ ಮಾತು ಇಷ್ಟು ನೇರ ಅಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ 65 ದಾಟಿದ 3,434 ಮಂದಿಯನ್ನು ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಈ ಮಾತ್ರೆಗಳನ್ನು ಅತಿ ಜಾಸ್ತಿ ನುಂಗಿದವರಲ್ಲಿ ಡಿಮೆನ್ಶಿಯಾದ ಅಪಾಯ, ನುಂಗದವರಿಗಿಂತ ಸುಮಾರು 54% ಹೆಚ್ಚಿತ್ತು. 2019ರ ಬ್ರಿಟನ್ ಅಧ್ಯಯನದಲ್ಲಿ ಖಿನ್ನತೆ ಮತ್ತು ಮೂತ್ರಕೋಶದ ಕೆಲವು ಔಷಧಗಳಿಗೆ ಇಂಥದ್ದೇ ನಂಟು ಕಂಡಿತು, ಅಲರ್ಜಿ ಮಾತ್ರೆಗಳಿಗೆ ಕಾಣಲಿಲ್ಲ. ನಂಟು ಇದ್ದ ಮಾತ್ರಕ್ಕೆ ಅದೇ ಕಾರಣ ಎನ್ನಲಾಗದು. ಡಿಮೆನ್ಶಿಯಾ ಪತ್ತೆಯಾಗುವ ವರ್ಷಗಳ ಮುಂಚೆಯೇ ನಿದ್ದೆ ಕೆಡಬಹುದು, ಮನಸ್ಸು ಕುಗ್ಗಬಹುದು. ಮಾತ್ರೆ ಶುರುವಾದದ್ದೇ ಅದಕ್ಕಾಗಿ ಇರಬಹುದು.

ನನಗೆ ತುಂಬ ಸಂಕಟವಾಗುವುದು ಇನ್ನೊಂದು ವಿಷಯಕ್ಕೆ. ಡಿಮೆನ್ಶಿಯಾದ ಒಂದು ಬಗೆಯಾದ ಆಲ್‌ಝೈಮರ್‌ಗೆ ಕೊಡುವ ಡೊನೆಪೆಜಿಲ್ ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತದೆ. ಅದರಿಂದ ಕೆಲವರಿಗೆ ಮೂತ್ರ ಅವಸರವಾಗುತ್ತದೆ. ಅದಕ್ಕೆ ಆಕ್ಸಿಬ್ಯುಟಿನಿನ್ ಬರೆದರೆ, ಮೊದಲ ಮಾತ್ರೆಯ ಕೆಲಸಕ್ಕೆ ಎರಡನೆಯದು ಅಡ್ಡ ನಿಲ್ಲುತ್ತದೆ. ಒಂದೇ ಬಾಯಿಗೆ ಎರಡೂ!

ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ವಿಟಮಿನ್ ಕುಸಿಯಬಹುದು, ಅದೂ ಮರೆವು ತರಬಹುದು. ಒಂದು ರಕ್ತ ಪರೀಕ್ಷೆ ಸಾಕು, ಗೊತ್ತಾಗುತ್ತದೆ.

ಹಾಗಂತ ಯಾವುದನ್ನೂ ನೀವೇ ನಿಲ್ಲಿಸಬೇಡಿ. ದಿನಾ ತೆಗೆದುಕೊಳ್ಳುವ ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಯನ್ನು ತಟ್ಟನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಮನೆಯ ಹಿರಿಯರ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಡಾಕ್ಟರ ಮುಂದಿಡಿ. ಯಾವುದನ್ನು ಇಳಿಸಬಹುದು, ಯಾವುದಕ್ಕೆ ಬದಲಿ ಇದೆ ಅಂತ ಕೇಳಿ. ಮೆಡಿಕಲ್‌ನಿಂದ ಚೀಟಿಯಿಲ್ಲದೆ ತಂದ ಶೀತದ ಮಾತ್ರೆಯನ್ನೂ ಸೇರಿಸಿ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.