ಮುನ್ನೆಲೆಯಲ್ಲಿ ಬಂಡೆ ಇದ್ದರೂ ಚಿತ್ರ ಚಪ್ಪಟೆಯಾಗುವುದೇಕೆ?

ಪ್ರಶ್ನೆ: ಆನೆಗೊಂದಿ, ಸಾಣಾಪುರದ ಕಡೆ ಹೋದಾಗಲೆಲ್ಲ ಬೆಟ್ಟಗಳ ಫೋಟೊ ತೆಗೆಯುತ್ತೇನೆ. ಕಣ್ಣಿಗೆ ಭವ್ಯವಾಗಿ ಕಂಡದ್ದು ಚಿತ್ರದಲ್ಲಿ ಸಪ್ಪೆಯಾಗುತ್ತದೆ. ಮುನ್ನೆಲೆಯಲ್ಲಿ ಏನಾದರೂ ಇರಲಿ ಎಂದು ಬಂಡೆಯೊಂದನ್ನು ಸೇರಿಸಿದರೆ ಅದು ಅಂಟಿಸಿದಂತೆ ಕಾಣುತ್ತದೆ. ತಪ್ಪು ಎಲ್ಲಿದೆ?

ಉತ್ತರ: ತಪ್ಪು ಬಹುಶಃ ಬಂಡೆಯದಲ್ಲ, ನೀವು ನಿಂತ ಜಾಗದ್ದು. ಎರಡು ಕಣ್ಣುಗಳಿಂದ ನೋಡುವ ನಮಗೆ ದೂರ ಹತ್ತಿರಗಳ ಅಂದಾಜು ತಾನಾಗಿಯೇ ಸಿಗುತ್ತದೆ; ಒಕ್ಕಣ್ಣಿನ ಕ್ಯಾಮೆರಾಕ್ಕೆ ಆ ಅನುಕೂಲವಿಲ್ಲದ ಕಾರಣ, ಆಳವನ್ನು ಬಹುಮಟ್ಟಿಗೆ ವಸ್ತುಗಳ ಗಾತ್ರದ ವ್ಯತ್ಯಾಸದಿಂದಲೇ ತೋರಿಸಬೇಕಾಗುತ್ತದೆ. ಬಂಡೆಯಿಂದ 2 ಮೀಟರ್ ದೂರವಿದ್ದವರು 1 ಮೀಟರಿಗೆ ಬಂದರೆ ಚಿತ್ರದಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಆದರೆ ಒಂದು ಕಿಲೋಮೀಟರ್ ಆಚೆಯ ಬೆಟ್ಟ ಇದ್ದಷ್ಟೇ ಇರುತ್ತದೆ. ಜೂಮ್ ತಿರುಗಿಸಿದರೆ ಎರಡೂ ಒಟ್ಟಿಗೇ ಹಿಗ್ಗುತ್ತವೆ, ಆದ್ದರಿಂದ ಈ ಕೆಲಸ ಕಾಲಿನಿಂದಲೇ ಆಗಬೇಕು.

ದೂರದಷ್ಟೇ ಮುಖ್ಯವಾದದ್ದು ಕ್ಯಾಮೆರಾದ ಎತ್ತರ, ಮತ್ತು ನಿಮ್ಮ 'ಅಂಟಿಸಿದಂತೆ' ಎಂಬ ಮಾತಿಗೆ ಉತ್ತರ ಇರುವುದು ಇಲ್ಲಿ. ಸಾಣಾಪುರ ಕೆರೆಯ ದಂಡೆಯಲ್ಲಿ ಬೋರಲು ಹಾಕಿದ ಹರಿಗೋಲೊಂದನ್ನು ತೆಗೆದುಕೊಳ್ಳಿ. ನಿಂತ ಎತ್ತರದಿಂದ ಅದು ನೆಲದ ಮೇಲಿನ ಕಪ್ಪು ತಟ್ಟೆಯಷ್ಟೇ. ಮೊಣಕಾಲೂರಿ ಕುಳಿತರೆ ಡಾಂಬರಿನ ಮಡಿಕೆಗಳೂ ಅಂಚಿನ ಬಿದಿರ ಹೆಣಿಗೆಯೂ ಕಾಣತೊಡಗಿ, ಅದರ ದುಂಡು ಬೆನ್ನು ಹಿಂದಿನ ಗುಂಡುಗಲ್ಲುಗಳ ಸಾಲಿಗೆ ಸಂಬಂಧಿಯಂತೆ ತೋರುತ್ತದೆ. ಉತ್ಸಾಹದಿಂದ ಇನ್ನೂ ಕೆಳಗಿಳಿದು ನೆಲಕ್ಕೆ ಒರಗಿದಿರೋ, ಹರಿಗೋಲು ಮೇಲೆದ್ದು ನೀರನ್ನೆಲ್ಲ ಮುಚ್ಚಿ ಬೆಟ್ಟಕ್ಕೆ ತಾಗುತ್ತದೆ. ನಡುವಿನ ಭೂಮಿ ಮಾಯವಾದ ಮೇಲೆ ದೂರ ಎಂಬುದೇ ಉಳಿಯುವುದಿಲ್ಲ. ಹರಿಗೋಲಿನ ಬೆನ್ನಿಗೂ ಬೆಟ್ಟದ ಬುಡಕ್ಕೂ ನಡುವೆ ನೀರಿನ ಒಂದು ಪಟ್ಟಿ ಕಾಣುವಷ್ಟು ಎತ್ತರವೇ ಸರಿಯಾದ ಎತ್ತರ.

ಗಂಗಾವತಿ ಭಾಗದ ಗದ್ದೆಗಳಲ್ಲಿ ದೂರವನ್ನು ಕಾಣಿಸುವ ಈ ಕೆಲಸವನ್ನು ಬದುಗಳು ಮಾಡುತ್ತವೆ. ನಾಟಿಯ ದಿನಗಳಲ್ಲಿ ನೀರು ನಿಂತ ಗದ್ದೆಯ ಬದು ಚಿತ್ರದ ಕೆಳ ಅಂಚಿನಿಂದ ಹೊರಟು ಬೆಟ್ಟದತ್ತ ಸಾಗುವಂತೆ ನಿಂತರೆ, ನೋಡುವವರ ಕಣ್ಣು ಅದರ ಮೇಲೆ ನಡೆದುಹೋಗುತ್ತದೆ. ಬದು ಅಡ್ಡಲಾಗಿ ಬಂದರೆ ಅದೇ ಗೋಡೆಯಾಗುತ್ತದೆ.

ಇನ್ನು ಫೋಕಸ್. ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರಿನ ಕ್ಯಾಮೆರಾದಲ್ಲಿ, ಅಗಲ ನೋಟದ 18 ಎಂಎಂ ಲೆನ್ಸಿಗೆ ಎಫ್/11 (ಬೆಳಕು ಒಳಬರುವ ರಂಧ್ರದ ಅಳತೆ; ಅಂಕಿ ದೊಡ್ಡದಾದಷ್ಟೂ ರಂಧ್ರ ಕಿರಿದು) ಇಟ್ಟು ಸುಮಾರು ಒಂದೂವರೆ ಮೀಟರಿಗೆ ಫೋಕಸ್ ಮಾಡಿದರೆ, ಮುಕ್ಕಾಲು ಮೀಟರಿನಿಂದ ದಿಗಂತದವರೆಗೆ ಸಾಕಷ್ಟು ಸ್ಪಷ್ಟತೆ ಸಿಗುತ್ತದೆ. ಎಫ್/22ರವರೆಗೆ ಹೋದರೆ ವಿವರ್ತನೆಯಿಂದ, ಅಂದರೆ ಕಿರಿದಾದ ರಂಧ್ರದಲ್ಲಿ ಬೆಳಕು ಹರಡಿಕೊಳ್ಳುವುದರಿಂದ, ಇಡೀ ಚಿತ್ರವೇ ತುಸು ಮೆತ್ತಗಾಗುತ್ತದೆ. ಮೊಬೈಲಿನ ಪುಟ್ಟ ಸೆನ್ಸರಿನಲ್ಲಿ ಈ ಚಿಂತೆ ಅಷ್ಟಾಗಿ ಇರುವುದಿಲ್ಲ.

ಮುನ್ನೆಲೆಗೆಂದು ಬೇವಿನ ಟೊಂಗೆಯೊಂದು ಚಿತ್ರದ ಮೇಲಂಚಿನಿಂದ ಇಳಿಬೀಳುವಂತೆ ತೆಗೆಯುವ ಚಟ ನನಗೂ ಇತ್ತು. ಒಂದು ಮುಂಜಾವು ಟ್ರೈಪಾಡ್ ಊರಿ, ಅರ್ಧ ಸೆಕೆಂಡಿನ ಶಟರಿನಲ್ಲಿ ತೆಗೆದ ಅಷ್ಟೂ ಚಿತ್ರಗಳಲ್ಲಿ ಬೆಟ್ಟ ಕಲ್ಲಿನಷ್ಟು ಖಚಿತವಾಗಿತ್ತು, ಎಲೆಗಳು ಮಾತ್ರ ಗಾಳಿಗೆ ಹಸಿರು ಮಸಿಯಾಗಿದ್ದವು.

ಹಾಗೆಂದು ಎಲ್ಲ ಕಡೆಯೂ ಮುನ್ನೆಲೆ ಹುಡುಕಬೇಕಾಗಿಲ್ಲ. ಅಂಜನಾದ್ರಿಯ ಸುಮಾರು 575 ಮೆಟ್ಟಿಲು ಹತ್ತಿ ಕೆಳಗಿನ ತುಂಗಭದ್ರೆಯನ್ನೂ ಭತ್ತದ ಗದ್ದೆಗಳನ್ನೂ ನೋಡುವಾಗ, ಹತ್ತಿರದ ಕಂಬಿಯನ್ನೋ ಪೊದೆಯನ್ನೋ ಒತ್ತಾಯದಿಂದ ತುರುಕುವ ಬದಲು, ದೂರದ್ದನ್ನು ಹತ್ತಿರ ತೋರಿಸುವ 100 ಅಥವಾ 200 ಎಂಎಂ ಲೆನ್ಸ್ ಹಾಕಿ ನದಿಯ ಒಂದು ತಿರುವನ್ನಷ್ಟೇ ಆರಿಸಿಕೊಳ್ಳುವುದು ಮೇಲು.