ಮಳೆಹನಿ, ಖಾಸಗಿ ಹೊಲ ಮತ್ತು ಸರ್ಕಾರದ ಚೆಕ್ಕು

ಅಮೆರಿಕದ ಕೃಷಿ ಬಜೆಟ್ ಮಾತು ಬಂದಾಗೆಲ್ಲ ಒಂದು ವಾದ ತಪ್ಪದೇ ಬರತ್ತೆ. ಹೊಲ ಅವನದ್ದು, ಮಣ್ಣು ಅವನದ್ದು, ಹಾಳಾದ್ರೆ ನಷ್ಟನೂ ಅವನದ್ದೇ, ಅದನ್ನ ಕಾಪಾಡ್ಕೊಳ್ಳೋಕೆ ಸರ್ಕಾರ ಯಾಕಪ್ಪಾ ದುಡ್ಡು ಕೊಡಬೇಕು ಅಂತ. ಕೇಳೋಕೆ ನ್ಯಾಯವಾಗೇ ಇದೆ. ಆದ್ರೆ ಈ ವಾದ ಮಾಡೋರಲ್ಲಿ ಮುಕ್ಕಾಲು ಪಾಲು ಜನ ಮಣ್ಣು ಹೊಲ ಬಿಟ್ಟು ಹೋಗೋದು ಹೇಗೆ ಅಂತ ಒಂದ್ಸಲನೂ ಕೂತು ಲೆಕ್ಕ ಹಾಕಿರಲ್ಲ. ಸವಕಳಿ ಅಂದ ತಕ್ಷಣ ಅವರ ತಲೇಲಿ ಬರೋದು ಆಳುದ್ದದ ಕೊರಕಲು. ಕೊರಕಲು ಎಲ್ಲರಿಗೂ ಕಾಣತ್ತೆ ಸ್ವಾಮಿ, ರೈತನಿಗಂತೂ ಎಲ್ಲರಿಗಿಂತ ಮೊದಲು ಕಾಣತ್ತೆ, ಟ್ರ್ಯಾಕ್ಟರ್ ಚಕ್ರ ಇಳಿದಾಗ ಅವನೇ ಬಂದು ಮುಚ್ಚಿಸ್ತಾನೆ. ನಿಜವಾದ ತಲೆನೋವು ಇರೋದು ಕಾಣದೇ ಹೋಗೋ ಮಣ್ಣಿನಲ್ಲಿ.

ಲೆಕ್ಕ ಮಾಡೋಣ. ಒಂದು ಎಕರೆ ಅಂದ್ರೆ ಸುಮಾರು 4047 ಚದರ ಮೀಟರ್. ಅದರ ಮೇಲಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಕೆರೆದು ಗುಡ್ಡೆ ಹಾಕಿದ್ರೆ ನಾಲ್ಕು ಘನ ಮೀಟರ್, ತೂಕ ಹತ್ರಹತ್ರ 5 ಟನ್. ಐದು ಟನ್ ಮಣ್ಣು ಹೋಗಿದೆ, ಹೊಲ ನೋಡಿದ್ರೆ ಒಂದು ಮಿಲಿಮೀಟರ್ ತಗ್ಗಿದೆ ಅಷ್ಟೇ! ಯಾರ ಕಣ್ಣಿಗೆ ಕಾಣತ್ತೆ ಹೇಳಿ. ಮುಂದಿನ ಉಳುಮೆಗೆ ಕೆಳಗಿನ ಮಣ್ಣು ಮೇಲೆ ಬಂದು ಇದ್ದ ಗುರುತೂ ಅಳಿಸಿಹೋಗತ್ತೆ. ಇದೇ ರೇಟಲ್ಲಿ 25 ವರ್ಷ ಹೋದ್ರೆ ಒಂದು ಇಂಚು, ಅದೂ ಇರೋದ್ರಲ್ಲೇ ಅತ್ಯಂತ ಫಲವತ್ತಾದ ಇಂಚು. ಇನ್ನೊಂದು ವಿಷಯ, ಅಮೆರಿಕದ ಮಣ್ಣು ತಜ್ಞರು ಇಷ್ಟು ಹೋದ್ರೆ ತಡ್ಕೊಬಹುದು ಅಂತ ಇಟ್ಟಿರೋ ಮಿತಿ (ಅದಕ್ಕೆ 'ಟಿ' ಅಂತಾರೆ) ಎಕರೆಗೆ ವರ್ಷಕ್ಕೆ 1ರಿಂದ 5 ಟನ್. ಅಂದ್ರೆ ಮಿತಿ ಇರೋದೇ ಒಂದು ಮಿಲಿಮೀಟರಿನ ಆಚೆ ಈಚೆ, ಬರಿಗಣ್ಣಿಗೆ ಸಿಗದ ಜಾಗದಲ್ಲಿ. ಹೊಸ ಮಣ್ಣು ಹುಟ್ಟೋ ವೇಗ ಆ ಮಿತಿಗಿಂತಲೂ ಎಷ್ಟೋ ಕಮ್ಮಿ, ಆ ಜಗಳ ಬೇರೆ ಇದೆ.

ಈಗ ನಂಗೆ ತುಂಬಾ ಇಷ್ಟದ ಭಾಗ, ಮಳೆಹನಿ. ಹರಿಯೋ ನೀರು ಮಣ್ಣು ಕೊಚ್ಕೊಂಡು ಹೋಗತ್ತೆ ಅಂತ ಎಲ್ಲರಿಗೂ ಗೊತ್ತು, ಆದ್ರೆ ಆ ಮಣ್ಣನ್ನ ಮೊದಲು ಬಿಡಿಸಿ ಕೊಡೋರು ಯಾರು? ಜೋರು ಮಳೆಯ ದೊಡ್ಡ ಹನಿ ಒಂದು 5 ಮಿಲಿಮೀಟರ್ ದಪ್ಪ ಇರತ್ತೆ, ನೆಲ ಮುಟ್ಟೋವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರ್, ಗಂಟೆಗೆ 30 ಕಿಲೋಮೀಟರ್ ದಾಟತ್ತೆ. ಬರಿ ನೆಲಕ್ಕೆ ಅದು ಬಡಿದಾಗ ಮಣ್ಣಿನ ಹೆಂಟೆ ಒಡೆದು ಪುಡಿಯಾಗಿ ಸುತ್ತ ಸಿಡಿಯತ್ತೆ, ಕಣಗಳು ಮೊಣಕಾಲೆತ್ತರ ಹಾರ್ತಾವೆ. ಸಪಾಟು ನೆಲದಲ್ಲಿ ಎಲ್ಲ ಕಡೆಗೂ ಸಮ ಸಿಡಿಯತ್ತೆ, ಇಳಿಜಾರಲ್ಲಿ ಮಾತ್ರ ಕೆಳಗಡೆಗೆ ಹಾರಿದ್ದು ಜಾಸ್ತಿ ದೂರ ಹೋಗಿ ಬೀಳತ್ತೆ. ಹಾಗಾಗಿ ಒಂದು ಹನಿ ನೀರೂ ಹರಿಯೋಕೆ ಮುಂಚೆನೇ ಮಣ್ಣು ಇಳಿಯೋಕೆ ಶುರು ಮಾಡಿರತ್ತೆ! ಮುಗೀಲಿಲ್ಲ. ಪುಡಿಯಾದ ಸಣ್ಣ ಕಣಗಳು ನೀರಿನ ಜೊತೆ ಮಣ್ಣಿನ ರಂಧ್ರಗಳೊಳಗೆ ಇಳಿದು ಅಲ್ಲೇ ಸಿಕ್ಕಾಕ್ಕೊಳ್ತಾವೆ, ಸಗಣಿ ಹಾಕಿ ನೆಲ ಸಾರಿಸಿದ ಹಾಗೆ ಮೇಲ್ಪದರ ಮುಚ್ಚಿಹೋಗತ್ತೆ. ಇನ್ನು ನೀರು ಇಂಗೋದೆಲ್ಲಿ? ಇಂಗದ ನೀರು ಹರಿಯತ್ತೆ, ಹರಿಯೋವಾಗ ಆಗಲೇ ಬಿಡಿಸಿಟ್ಟಿರೋ ಕಣಗಳನ್ನ ಹೊತ್ಕೊಂಡು ಹೋಗತ್ತೆ. ಅದೇ ನೆಲದ ಮೇಲೆ ಹುಲ್ಲೋ, ಹಿಂದಿನ ಬೆಳೆಯ ದಂಟೋ, ತರಗೋ ಇದ್ರೆ ಹನಿಯ ಶಕ್ತಿ ಅಲ್ಲೇ ಉಡುಗತ್ತೆ, ಮುಂದಿನ ಈ ಪುರಾಣ ಯಾವುದೂ ನಡೆಯಲ್ಲ. ಒಣ ದಂಟು ಒಂದು ದೇಶದ ಕೃಷಿ ನೀತಿಯೊಳಗೆ ಬಂದು ಕೂತಿದೆ ಅಂದ್ರೆ ಅದಕ್ಕೆ ಕಾರಣ ಇಷ್ಟೇ.

ಮಣ್ಣು ಹೀಗೆ ಕಾಣದೇ ಹೋಗೋದನ್ನ ಕಣ್ಣಿಂದ ಕಂಡುಹಿಡಿದವನು ಹ್ಯೂ ಹ್ಯಾಮಂಡ್ ಬೆನೆಟ್. 1881ರಲ್ಲಿ ನಾರ್ತ್ ಕೆರೊಲಿನಾದ ಆನ್ಸನ್ ಕೌಂಟಿಯಲ್ಲಿ ಹುಟ್ಟಿದವನು, ಕೆಲಸ ಮಣ್ಣಿನ ಸರ್ವೆ. 1905ರಲ್ಲಿ ವರ್ಜೀನಿಯಾದ ಲೂಯಿಸಾ ಕೌಂಟಿಯಲ್ಲಿ ಅಕ್ಕಪಕ್ಕ ಇದ್ದ ಎರಡು ತುಂಡು ಜಮೀನು ನೋಡ್ತಾನೆ, ಇಳಿಜಾರು ಒಂದೇ, ಕೆಳಗಿನ ಕಲ್ಲೂ ಒಂದೇ. ಕಾಡಿದ್ದ ಕಡೆ ಮಣ್ಣು ಮೆತ್ತಗೆ, ಕೈಯಲ್ಲೇ ಅಗೀಬಹುದು. ಬಹಳ ಕಾಲ ಉತ್ತಿದ್ದ ಕಡೆ ಗಟ್ಟಿ ಜೇಡಿ, ಹೆಚ್ಚುಕಮ್ಮಿ ಕಲ್ಲು. ಎಲ್ಲೂ ಕೊರಕಲಿಲ್ಲ. ಹಾಗಾದ್ರೆ ಮೇಲಿದ್ದ ಮೆತ್ತನೆ ಮಣ್ಣು ಎಲ್ಲಿ ಹೋಯ್ತು? ಹಾಳೆಹಾಳೆಯಾಗಿ, ಪ್ರತಿ ಮಳೆಗೂ ಇಷ್ಟಿಷ್ಟೇ ಎದ್ದು ಹೋಗಿದೆ ಅಂತ ಅವನಿಗೆ ಹೊಳೆಯತ್ತೆ. ಇಲಾಖೆ ಕಿವಿಗೊಡೋಕೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡೀತು, 1928ರಲ್ಲಿ ಸವಕಳಿ ರಾಷ್ಟ್ರಕ್ಕೇ ಗಂಡಾಂತರ ಅಂತ ಅವನ ವರದಿ ಸರ್ಕಾರಿ ಮುದ್ರೆಯಲ್ಲೇ ಹೊರಬಂತು.

ಅಷ್ಟರಲ್ಲಿ ಪಶ್ಚಿಮದ ಬಯಲುಗಳಲ್ಲಿ ಇನ್ನೊಂದು ಅನಾಹುತ ತಯಾರಾಗ್ತಿತ್ತು. ಇಲ್ಲಿ ಮೂಢನಂಬಿಕೆ ಬಗ್ಗೆ ನಾಲ್ಕು ಮಾತು ಹೇಳ್ಳೇಬೇಕು, ಇಲ್ಲಾಂದ್ರೆ ನಂಗೆ ಸಮಾಧಾನ ಆಗಲ್ಲ. ನೇಗಿಲು ಹೋದಲ್ಲಿ ಮಳೆ ಹಿಂಬಾಲಿಸತ್ತೆ ಅನ್ನೋ ಮಾತು 1870-80ರ ದಶಕದಲ್ಲಿ ಅಮೆರಿಕದಲ್ಲಿ ಜೋರಾಗಿ ಓಡ್ತಿತ್ತು. ಒಣ ಹುಲ್ಲುಗಾವಲು ಉತ್ತರೆ ನೆಲ ನೀರು ಹೀರ್ಕೊಳತ್ತೆ, ಅದು ಆವಿಯಾಗಿ ಮತ್ತೆ ಮಳೆಯಾಗತ್ತೆ ಅಂತೆ. ಇದನ್ನ ಹೇಳಿದ್ದು ಯಾವುದೋ ಮಂತ್ರವಾದಿ ಅಂದ್ಕೋಬೇಡಿ, ನೆಬ್ರಾಸ್ಕ ವಿಶ್ವವಿದ್ಯಾಲಯದ ಪ್ರೊಫೆಸರ್ ಸ್ಯಾಮ್ಯುಯೆಲ್ ಆಹೀ ಇದರ ದೊಡ್ಡ ವಕೀಲ! ಆ ಕಾಲಕ್ಕೆ ಅಲ್ಲಿ ನಾಲ್ಕು ವರ್ಷ ಒಳ್ಳೆ ಮಳೆ ಆಗಿತ್ತು, ಜನನೂ ಬಂದು ಉತ್ತಿದ್ರು, ಎರಡನ್ನೂ ಗಂಟು ಹಾಕಿ ಸಿದ್ಧಾಂತ ಮಾಡಿಬಿಟ್ರು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸಂಬಂಧ ಕಲ್ಪಿಸೋಕೆ ಡಿಗ್ರಿ ಏನೂ ಅಡ್ಡ ಬರಲ್ಲ ನೋಡಿ. 1890ರ ದಶಕದ ಬರ ಬಂದಾಗ ಸಿದ್ಧಾಂತ ಸತ್ತಿತು, ಉಳುಮೆ ಮಾತ್ರ ನಿಲ್ಲಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಗೋಧಿ ರೇಟು ಏರಿ ಇನ್ನಷ್ಟು ಹುಲ್ಲುಗಾವಲು ನೇಗಿಲಿಗೆ ಬಂತು. 1930ರ ದಶಕದಲ್ಲಿ ಬರ ಮರಳಿ ಬಂದಾಗ ನೆಲ ಹಿಡಿದಿಟ್ಕೊಳೋಕೆ ಬೇರಿರಲಿಲ್ಲ, ಗಾಳಿಗೆ ಎದ್ದು ಹೊರಟೇಬಿಡ್ತು. 1934ರ ಮೇ ತಿಂಗಳ ಒಂದು ಬಿರುಗಾಳಿ ಆ ಧೂಳನ್ನ ನ್ಯೂಯಾರ್ಕ್, ವಾಷಿಂಗ್ಟನ್ ತನಕ, ಅಲ್ಲಿಂದ ಅಟ್ಲಾಂಟಿಕ್ ಸಮುದ್ರದಲ್ಲಿದ್ದ ಹಡಗುಗಳ ಮೇಲೂ ಹೊತ್ಕೊಂಡು ಹೋಗಿತ್ತು. 1935ರ ಏಪ್ರಿಲ್ 14ರ ಕಪ್ಪು ಭಾನುವಾರ ಹಾಡುಹಗಲೇ ಕತ್ತಲಾಯ್ತು. ಬೆನೆಟ್ ಸಂಸತ್ ಸಮಿತಿ ಮುಂದೆ ಸಾಕ್ಷಿ ಹೇಳ್ತಾ, ಧೂಳಿನ ಮೋಡ ವಾಷಿಂಗ್ಟನ್ನಿಗೆ ಬರೋ ತನಕ ಬೇಕಂತಲೇ ಮಾತು ಎಳೆದ ಅಂತ ಒಂದು ಕಥೆ ಇದೆ. ಕಥೆಗೆ ಸ್ವಲ್ಪ ಬಣ್ಣ ಹಚ್ಚಿರಬಹುದು, ಕಾನೂನಿಗೆ ಮಾತ್ರ ದಾಖಲೆ ಇದೆ. ಏಪ್ರಿಲ್ 27ಕ್ಕೆ ಮಣ್ಣು ಸಂರಕ್ಷಣಾ ಕಾಯ್ದೆ ಆಯ್ತು, ಸಾಯಿಲ್ ಕನ್ಸರ್ವೇಷನ್ ಸರ್ವಿಸ್ ಹುಟ್ಟಿತು, ಬೆನೆಟ್ ಅದರ ಮುಖ್ಯಸ್ಥನಾದ. 1994ರಿಂದ ಅದರ ಹೆಸರು ನ್ಯಾಚುರಲ್ ರಿಸೋರ್ಸಸ್ ಕನ್ಸರ್ವೇಷನ್ ಸರ್ವಿಸ್, ಎನ್‌ಆರ್‌ಸಿಎಸ್.

ದೇಶದ ಮುಖ್ಯ ಭೂಭಾಗದಲ್ಲಿ ಸುಮಾರು 70 ಪರ್ಸೆಂಟ್ ನೆಲ ಖಾಸಗಿಯವರ ಕೈಲಿದೆ. ಪೊಲೀಸ್ ಕಳಿಸಿ ದಂಟು ಉಳಿಸು ಅನ್ನೋಕಾಗಲ್ಲ. ಅದಕ್ಕೆ ಇಡೀ ವ್ಯವಸ್ಥೆ ನಿಂತಿರೋದು ರೈತನ ಒಪ್ಪಿಗೆ ಮೇಲೆ. 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲ ಗವರ್ನರ್‌ಗಳಿಗೆ ಪತ್ರ ಬರೆದು ಮಣ್ಣು ಸಂರಕ್ಷಣಾ ಜಿಲ್ಲೆ ಅನ್ನೋ ಸ್ಥಳೀಯ ಸಂಸ್ಥೆಗಳನ್ನ ಮಾಡೋಕೆ ಕಾನೂನು ತನ್ನಿ ಅಂದ. ಆ ವರ್ಷದ ಆಗಸ್ಟಲ್ಲಿ ಆದ ಮೊದಲನೇ ಜಿಲ್ಲೆ ಬ್ರೌನ್ ಕ್ರೀಕ್, ಅದಿರೋದು ಬೆನೆಟ್ ಹುಟ್ಟಿದ ಆನ್ಸನ್ ಕೌಂಟಿಯಲ್ಲೇ. ಈಗ ದೇಶದಲ್ಲಿ ಇಂಥವು ಸುಮಾರು 3000 ಇದಾವೆ.

ಹೀಗೆ ರೈತನ ಒಪ್ಪಿಗೆ ಮೇಲೆ ಕೆಲಸ ಮಾಡಿಸೋ ಪ್ರಯೋಗ ಮೊದಲು ನಡೆದದ್ದು 1933ರಲ್ಲಿ, ವಿಸ್ಕಾನ್ಸಿನ್ನಿನ ಕೂನ್ ಕ್ರೀಕ್ ಜಲಾನಯನದಲ್ಲಿ. ಐದು ವರ್ಷದ ಒಪ್ಪಂದ, ರೈತ ತಜ್ಞರ ಪ್ಲಾನ್ ಪ್ರಕಾರ ಹೊಲ ಮಾಡಬೇಕು, ಸರ್ಕಾರ ಕೂಲಿ, ಬೀಜ, ಬೇಲಿ, ಸುಣ್ಣ ಕೊಡತ್ತೆ. ಇಳಿಜಾರಿಗೆ ಅಡ್ಡಲಾಗಿ ಮೆಕ್ಕೆಜೋಳದ ಒಂದು ಪಟ್ಟೆ, ಹುಲ್ಲಿನ ಒಂದು ಪಟ್ಟೆ, ಮತ್ತೆ ಮೆಕ್ಕೆಜೋಳ. ಮೆಕ್ಕೆಜೋಳದ ಪಟ್ಟೆಯಿಂದ ಓಡಿಬಂದ ನೀರು ಹುಲ್ಲಲ್ಲಿ ತಡವರಿಸಿ ನಿಧಾನ ಆಗತ್ತೆ, ನಿಧಾನ ಆದ ನೀರು ಹೊರೆ ಇಳಿಸತ್ತೆ. ಸ್ಟ್ಯಾನ್ಲಿ ಟ್ರಿಂಬಲ್ ಅನ್ನೋ ಭೂಗೋಳ ತಜ್ಞ ಆ ಕಣಿವೆಯ ಹೂಳನ್ನ ದಶಕಗಟ್ಟಲೆ ಅಳೆದು 1999ರಲ್ಲಿ ಪ್ರಕಟಿಸಿದ್ದ, 1975-93ರ ನಡುವೆ ಹೂಳು ತುಂಬೋ ವೇಗ 1930ರ ದಶಕದ ವೇಗದ 6 ಪರ್ಸೆಂಟಿಗೆ ಇಳಿದಿತ್ತು. ಹಾಗಂತ ಎಲ್ಲರೂ ಖುಷಿಯಾಗಿರಲಿಲ್ಲ. ಅಲ್ಲಿ ಸಲಹೆಗಾರನಾಗಿದ್ದ ಪರಿಸರ ಚಿಂತಕ ಆಲ್ಡೋ ಲಿಯೊಪೋಲ್ಡ್, ಒಪ್ಪಂದ ಮುಗಿದ ಮೇಲೆ ರೈತರು ಕೈಗೆ ತಕ್ಷಣ ಲಾಭ ಕಾಣೋ ಪದ್ಧತಿಗಳನ್ನ ಮಾತ್ರ ಉಳಿಸ್ಕೊಂಡು ಉಳಿದದ್ದು ಬಿಟ್ರು ಅಂತ ಬೇಜಾರಾಗಿ ಬರೆದ. ಅವನ ದೂರು ನಿಜ, ಆದ್ರೆ ನನ್ನ ಪ್ರಕಾರ ಅದು ಚೆಕ್ಕಿನ ಪರವಾದ ವಾದನೇ. ಲಾಭ ಕೆಳಗಿನ ಊರಿನ ಅಣೆಕಟ್ಟಿಗೆ, ಮೀನಿಗೆ, ಮಿಸಿಸಿಪಿ ದಾಟಿ ಮೆಕ್ಸಿಕೋ ಕೊಲ್ಲಿಗೆ ಹೋಗೋದಾದ್ರೆ ಮೇಲಿನ ಹೊಲದವನು ಯಾಕೆ ಒಬ್ಬನೇ ಖರ್ಚು ಹೊರಬೇಕು?

1985ರಲ್ಲಿ ಬಂದ ಕನ್ಸರ್ವೇಷನ್ ರಿಸರ್ವ್ ಪ್ರೋಗ್ರಾಮ್ ಇದನ್ನ ನೇರ ಬಾಡಿಗೆ ಮಾಡಿತು, 10ರಿಂದ 15 ವರ್ಷ ಸವೆಯೋ ನೆಲ ಉಳಬೇಡ, ಹುಲ್ಲು ಮರ ಹಾಕು, ವರ್ಷಾವರ್ಷ ದುಡ್ಡು ತಗೋ. 2007ರಲ್ಲಿ ಸುಮಾರು 3.68 ಕೋಟಿ ಎಕರೆ ಇದರೊಳಗಿತ್ತು, ಆಮೇಲೆ ಮೆಕ್ಕೆಜೋಳದ ರೇಟು ಏರಿದ್ದೇ ತಡ ಒಪ್ಪಂದ ಮುಗಿದ ಹೊಲಗಳು ಮತ್ತೆ ನೇಗಿಲಿಗೆ ವಾಪಸ್. ಬಾಡಿಗೆ ನೆಲಕ್ಕೆ ಈ ಕಾಯಿಲೆ ತಪ್ಪಿದ್ದಲ್ಲ. 1996ರ ಇಕ್ವಿಪ್ ಅನ್ನೋ ಇನ್ನೊಂದು ಸರ್ಕಾರಿ ಯೋಜನೆ ಬೇರೆ ದಾರಿ ಹಿಡಿಯತ್ತೆ, ಹೊಲ ಉಳ್ತಾನೇ ಇರು, ಉಳೋ ರೀತಿ ಬದಲಾಯಿಸು, ಖರ್ಚಿನ 75 ಪರ್ಸೆಂಟ್ ತನಕ ಕೊಡ್ತೀವಿ ಅನ್ನತ್ತೆ, ಹೊಸದಾಗಿ ಬೇಸಾಯಕ್ಕೆ ಇಳಿದವರಿಗೆ, ಮಾಜಿ ಸೈನಿಕರಿಗೆ 90 ತನಕ. ಒಂದು ಷರತ್ತು ಮಾತ್ರ ಬಹಳ ಜನರಿಗೆ ಗೊತ್ತಿರಲ್ಲ, ಒಪ್ಪಂದಕ್ಕೆ ಸಹಿ ಬೀಳೋ ಮುಂಚೆ ಮೊದಲೇ ವಿನಾಯಿತಿ ತಗೊಳ್ದೇ ಕೆಲಸ ಶುರು ಮಾಡಿದ್ರೆ ಆ ಕೆಲಸಕ್ಕೆ ದುಡ್ಡು ಬರಲ್ಲ. ದುಡ್ಡು ಬರೋದೂ ಸಾಮಾನ್ಯವಾಗಿ ಕೆಲಸ ಮುಗಿದು ತಾಂತ್ರಿಕ ಸಿಬ್ಬಂದಿ ಅಳೆದು ಸರಿ ಅಂದ ಮೇಲೇ. ಪ್ರತಿ ಕೆಲಸಕ್ಕೂ ಒಂದು ಕೋಡ್ ಇದೆ, ಹೊದಿಕೆ ಬೆಳೆ 340, ಉಳುಮೆಯಿಲ್ಲದ ಬಿತ್ತನೆ 329, ಹುಲ್ಲು ಹಾಸಿದ ನೀರುದಾರಿ 412. ಆ 412ನ್ನೇ ತಗೊಳಿ, ಮೇಲಿಂದ ಎಷ್ಟು ಎಕರೆ ನೀರು ಬರತ್ತೆ, ಇಳಿಜಾರೆಷ್ಟು, ಯಾವ ಹುಲ್ಲು ಎಷ್ಟು ವೇಗ ತಡೆಯತ್ತೆ ಅಂತ ಲೆಕ್ಕ ಹಾಕಿ ಅಗಲ ನಿರ್ಧಾರ ಮಾಡ್ತಾರೆ. ಅಗಲ ಕಮ್ಮಿ ಆದ್ರೆ ಮೊದಲ ದೊಡ್ಡ ಮಳೆಗೆ ಸರ್ಕಾರದ ದುಡ್ಡಲ್ಲೇ ಹೊಸ ಕೊರಕಲು ರೆಡಿ. ಹಾಗಾಗಿ ನಂಗೆ ಚೆಕ್ಕಿಗಿಂತ ಆ ಟೇಪು ಹಿಡಿದು ಹೊಲ ಸುತ್ತೋ ಮನುಷ್ಯನೇ ಮುಖ್ಯ ಅನ್ಸತ್ತೆ, ಅವನ ಸಲಹೆಗೆ ರೈತ ಒಂದು ಪೈಸೆನೂ ಕೊಡಬೇಕಾಗಿಲ್ಲ. 2022ರ ಇನ್‌ಫ್ಲೇಷನ್ ರಿಡಕ್ಷನ್ ಕಾಯ್ದೆ ಈ ಯೋಜನೆಗಳಿಗೆ ಸುಮಾರು 1950 ಕೋಟಿ ಡಾಲರ್ ಇಟ್ಟಿತ್ತು, 2025ರಲ್ಲಿ ಎನ್‌ಆರ್‌ಸಿಎಸ್ ಸಿಬ್ಬಂದಿ ಗಣನೀಯವಾಗಿ ಇಳಿದ್ರು. ದುಡ್ಡಿದ್ದು ಟೇಪು ಹಿಡಿಯೋ ಕೈ ಇಲ್ಲಾಂದ್ರೆ ಅರ್ಜಿ ಫೈಲಲ್ಲೇ ಕೂರತ್ತೆ.

ಆ ಕೈಯಲ್ಲಿರೋ ಸೂತ್ರನೂ ಒಂದು ಸೊಗಸು. ವಾಲ್ಟರ್ ವಿಷ್‌ಮಾಯರ್ ಮತ್ತು ಡ್ವೈಟ್ ಸ್ಮಿತ್ ದೇಶದ ನಾನಾ ಕಡೆಯ ಪ್ರಯೋಗ ತಾಕುಗಳ ಲೆಕ್ಕ ಒಟ್ಟು ಮಾಡಿ 1965ರಲ್ಲಿ ಕೊಟ್ಟದ್ದು: ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಕಡಿದು, ಹೊದಿಕೆ, ರೈತ ಮಾಡೋ ಕೆಲಸ, ಇವನ್ನೆಲ್ಲ ಗುಣಿಸಿದ್ರೆ ವರ್ಷಕ್ಕೆ ಎಕರೆಗೆ ಎಷ್ಟು ಟನ್ ಅಂತ ಬರತ್ತೆ. ಗುಣಾಕಾರ ಅನ್ನೋದೇ ಇದರ ಮಜಾ, ಮಳೆ ನಮ್ಮ ಕೈಲಿಲ್ಲ, ಮಣ್ಣಿನ ಗುಣನೂ ಇಲ್ಲ, ಹೊದಿಕೆಯ ಅಂಕಿಯನ್ನ ಹತ್ತರಲ್ಲಿ ಒಂದಕ್ಕೆ ಇಳಿಸಿದ್ರೆ ಇಡೀ ಉತ್ತರ ಹತ್ತರಲ್ಲಿ ಒಂದಾಗತ್ತೆ. ಗಾಳಿಗೆ ಬೇರೆ ಸೂತ್ರ ಇದೆ. ನೀರು, ಗಾಳಿ ಎರಡರದ್ದೂ ಸೇರಿ 1982ರಿಂದ 2007ರೊಳಗೆ ಬೆಳೆ ನೆಲದ ಸವಕಳಿ ಸುಮಾರು 43 ಪರ್ಸೆಂಟ್ ಕಮ್ಮಿ ಆಗಿದೆ ಅಂತ ಸರ್ಕಾರದ ಅಂದಾಜು.

ಆದ್ರೆ 2021ರಲ್ಲಿ ಉಪಗ್ರಹ ಚಿತ್ರಗಳಲ್ಲಿ ಮಣ್ಣಿನ ಬಣ್ಣ ನೋಡಿದ ಒಂದು ಅಧ್ಯಯನ, ಅಮೆರಿಕದ ಮಧ್ಯಪಶ್ಚಿಮ ಭಾಗದ ಮೆಕ್ಕೆಜೋಳದ ಸೀಮೆಯಲ್ಲಿ ಸುಮಾರು ಮೂರನೇ ಒಂದು ಭಾಗದ ನೆಲ ತನ್ನ ಕಪ್ಪು ಮೇಲ್ಮಣ್ಣನ್ನ ಪೂರ್ತಿ ಕಳ್ಕೊಂಡಿದೆ ಅಂದಿತು. ಬೋಳಾಗಿರೋದು ಹೆಚ್ಚಾಗಿ ದಿಬ್ಬದ ನೆತ್ತಿಗಳು. ನೀರು ಸೇರಿ ವೇಗ ಹಿಡಿಯೋದು ಕೆಳಗಡೆ, ನೆತ್ತಿಯಲ್ಲಿ ಅಷ್ಟು ನೀರೇ ಇರಲ್ಲ, ಗಾಳಿಯೊಂದರಿಂದಲೂ ಈ ವಿನ್ಯಾಸ ಬರಲ್ಲ. ಮಣ್ಣನ್ನ ಕೆಳಗೆ ತಳ್ಳಿದ್ದು ಬಹುಪಾಲು ನೇಗಿಲೇ, ಪ್ರತಿ ಉಳುಮೆಗೂ ಇಳಿಜಾರಿನ ಕಡೆಗೆ ಸ್ವಲ್ಪ ಜಾಸ್ತಿ, ನೂರೈವತ್ತು ವರ್ಷ. ಮತ್ತೆ ಈ ನೇಗಿಲಿನ ಪಾಲು ಸರ್ಕಾರದ ಅಂದಾಜಿನೊಳಗೆ ಸೇರಿಲ್ಲ, ಅದು ನೀರು ಮತ್ತು ಗಾಳಿಯನ್ನ ಮಾತ್ರ ಎಣಿಸತ್ತೆ. ಕೋಡ್ 329ಕ್ಕೆ, ಅಂದ್ರೆ ಉಳುಮೆಯಿಲ್ಲದ ಬಿತ್ತನೆಗೆ, ಕೊಡೋ ದುಡ್ಡು ಈ ಮೂರನೇ ಸವಕಳಿಯನ್ನೂ ನಿಲ್ಲಿಸತ್ತೆ, ಲೆಕ್ಕದ ಪುಸ್ತಕದಲ್ಲಿ ಆ ಲಾಭಕ್ಕೆ ಕಾಲಮ್ಮೇ ಇಲ್ಲ.