ಅಂಗಡಿಯಲ್ಲಿ ಸಿಗದ ಹಳೇ ಪುಸ್ತಕ ಸ್ಕ್ಯಾನ್ ಮಾಡಿ ಹಾಕಬಹುದೇ?

ಪ್ರಶ್ನೆ: ತಂದೆಯವರ ಕಪಾಟಿನಲ್ಲಿ ಅರವತ್ತು ಎಪ್ಪತ್ತು ವರ್ಷ ಹಳೆಯ ಕನ್ನಡ ಪುಸ್ತಕಗಳಿವೆ. ಈಗ ಎಲ್ಲೂ ಸಿಗುವುದಿಲ್ಲ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದರೆ ತಪ್ಪೇ? ದುಡ್ಡೇನೂ ಕೇಳುವುದಿಲ್ಲ.
– ಓದುಗರೊಬ್ಬರು, ತುಮಕೂರು

ಪುಸ್ತಕ ಯಾವಾಗ ಅಚ್ಚಾಯಿತು ಅನ್ನುವುದು ಬಿಡಿ. ಬರೆದವರು ಯಾವಾಗ ತೀರಿಕೊಂಡರು, ಅದನ್ನು ನೋಡಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಲೇಖಕರು ಬದುಕಿರುವವರೆಗೂ ಇರುತ್ತದೆ; ಅವರು ಹೋದ ಮರುವರ್ಷದ ಜನವರಿಯಿಂದ ಮತ್ತೆ 60 ವರ್ಷ. ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ಟಾಗೋರರ ಹಕ್ಕು ಮುಗಿಯುವ ಹೊತ್ತಿಗೆ ತಿದ್ದುಪಡಿ ತಂದು ಹತ್ತು ವರ್ಷ ಏರಿಸಿದರು. ಒಬ್ಬರ ಸಲುವಾಗಿ ದೇಶದ ಪುಸ್ತಕಗಳಿಗೆಲ್ಲ ಇನ್ನೂ ಹತ್ತು ವರ್ಷ ಬೀಗ! ನನಗಂತೂ ಇದು ಇವತ್ತಿಗೂ ಸರಿ ಕಾಣುವುದಿಲ್ಲ.

ನಿಮ್ಮ ಸೀಮೆಯವರನ್ನೇ ತಗೊಳ್ಳಿ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ತೀರಿಕೊಂಡದ್ದು 1946ರಲ್ಲಿ. 2007ರ ಜನವರಿಯಿಂದ ಅವರು ಬರೆದದ್ದು ಎಲ್ಲರ ಸೊತ್ತು, ಧಾರಾಳವಾಗಿ ಹಾಕಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹೋದದ್ದು 1962ರಲ್ಲಿ, ಅವರ ಬರಹಗಳು 2023ಕ್ಕೆ ಬಿಡುಗಡೆಯಾದವು. ಚಿಕ್ಕನಾಯಕನಹಳ್ಳಿ ಕಡೆಯ ತೀ.ನಂ.ಶ್ರೀ. 1966ರಲ್ಲಿ ತೀರಿಕೊಂಡರು, 2027ರ ಜನವರಿ 1ರವರೆಗೆ ತಡೆಯಿರಿ. ಮುಳಬಾಗಿಲಿನ ಡಿ.ವಿ.ಜಿ. ಪದ್ಯ ದಿನಾ ಬೆಳಗಾದರೆ ವಾಟ್ಸಾಪಿಗೆ ಬಂದು ಬೀಳುತ್ತದೆ, ಆದರೆ ಅವರು ಹೋದದ್ದು 1975ರಲ್ಲಿ. ಪೂರ್ತಿ ಪುಸ್ತಕ ಹಾಕಲು 2036 ಬರಬೇಕು. ಮಾಲೂರು ತಾಲ್ಲೂಕಿನ ಮಾಸ್ತಿಯವರದು 2047ಕ್ಕೆ.

ಅಂಗಡಿಯಲ್ಲಿ ಸಿಗುವುದಿಲ್ಲ, ನಾನು ಪುಕ್ಕಟೆ ಕೊಡುತ್ತೇನೆ – ಈ ಎರಡು ಮಾತೂ ಕಾಯ್ದೆಯ ಮುಂದೆ ನಿಲ್ಲುವುದಿಲ್ಲ. ಸಾರ್ವಜನಿಕ ಗ್ರಂಥಾಲಯಕ್ಕೆ ಮಾತ್ರ ಒಂದು ವಿನಾಯಿತಿಯಿದೆ: ತನ್ನಲ್ಲಿರುವ ಪುಸ್ತಕ ಹಾಳಾಗದಂತೆ ಡಿಜಿಟಲ್ ಪ್ರತಿ ಮಾಡಿ ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳಬಹುದು ಅಷ್ಟೇ, ಹಂಚುವ ಹಾಗಿಲ್ಲ.

ಹಕ್ಕು ಮುಗಿದ ಪುಸ್ತಕದಲ್ಲೂ ಒಂದು ಸಿಕ್ಕು ಇದೆ. ಶೀರ್ಷಿಕೆ ಪುಟ ತಿರುಗಿಸಿ, ಬೆಲೆ ಒಂದೂವರೆ ರೂಪಾಯಿ ಅಂತಿರುವ ಕಡೆ, ಎಷ್ಟನೆಯ ಮುದ್ರಣ, ಸಂಪಾದಕರು ಯಾರು ಅಂತ ನೋಡಿ. ಮುನ್ನುಡಿ, ಅಡಿಟಿಪ್ಪಣಿ, ಒಳಗಿನ ಚಿತ್ರಗಳನ್ನು ಬೇರೆಯವರು ಮಾಡಿದ್ದರೆ ಅವಕ್ಕೆ ಬೇರೆಯದೇ ಲೆಕ್ಕ. ಅನುವಾದವಾದರೆ ಅನುವಾದಕರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಬ್ಬರು ಸೇರಿ ಬರೆದಿದ್ದರೆ ಕೊನೆಗೆ ಹೋದವರ ವರ್ಷ. ಲೇಖಕರು ಹೋದ ಮೇಲೆ ಮೊದಲ ಸಲ ಅಚ್ಚಾದ ಬರಹಕ್ಕೆ ಅಚ್ಚಾದ ಮರುವರ್ಷದ ಜನವರಿಯಿಂದ 60 ವರ್ಷ.

ಕಾಯುವ ತಾಳ್ಮೆ ಇಲ್ಲವೇ? ಲೇಖಕರ ಮನೆಯವರನ್ನು ಕೇಳಿ. ನಿರಂಜನರ ಪುಸ್ತಕಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಡಿ (ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಹಂಚಬಹುದು ಎಂಬ ಮುಕ್ತ ಪರವಾನಗಿ) ಬಿಟ್ಟುಕೊಟ್ಟದ್ದು ಅವರ ಮನೆಯವರೇ. ಒಪ್ಪಿಗೆ ಬರಹದಲ್ಲಿರಲಿ, ಯಾವ ಲೈಸೆನ್ಸ್ ಎಂಬುದೂ ಅದರಲ್ಲಿರಲಿ. ಕೆಲವೊಮ್ಮೆ ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಟ್ಟಿರುತ್ತಾರೆ, ಅದನ್ನೂ ವಿಚಾರಿಸಿ.

ಹಕ್ಕು ಮುಗಿದದ್ದು ಖಾತ್ರಿಯಾದರೆ ವಾಟ್ಸಾಪಿಗೆ ಪಿಡಿಎಫ್ ತಳ್ಳಿ ಕೈತೊಳೆದುಕೊಳ್ಳಬೇಡಿ. ಪುಕ್ಕಟೆ ಓದಬಹುದಾದ ಪುಸ್ತಕಗಳ ಜಾಲತಾಣ ಕನ್ನಡ ವಿಕಿಸೋರ್ಸ್‌ಗೆ ಹಾಕಿದರೆ ಪುಟದ ಚಿತ್ರದ ಪಕ್ಕದಲ್ಲೇ ಅದರ ಪಠ್ಯವನ್ನು ಟೈಪ್ ಮಾಡಿ ತಿದ್ದುವ ವ್ಯವಸ್ಥೆ ಇದೆ. ಆಮೇಲೆ ಒಂದು ಪದ ಕೊಟ್ಟು ಹುಡುಕಿದರೂ ಪುಸ್ತಕ ಸಿಗುತ್ತದೆ.